ಗಿಡ್ಡಪ್ಪನವರಿಗೆ ಸಿಕ್ಕ ಮರ್ಯಾದೆ

ಲಕ್ಕವಳ್ಳಿಯಲ್ಲಿ ಯಾರಾದರೂ ಭದ್ರಾ ನಾಲೆಗೆ ಬಿದ್ದು ಸತ್ತಾಗ ಮಾತ್ರ ಗಿಡ್ಡಪ್ಪನವರ ಪೂರ್ತಿ ಹೆಸರು ಜನರ ಬಾಯಲ್ಲಿ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವರು ಬರೀ ‘ಲೇ ಗಿಡ್ಡ’. ಕೂಲಿ ಮಾಡಿಕೊಂಡಿದ್ದ ಅವರು ಮುಳುಗಿ ಹೆಣ ತೆಗೆಯುವುದನ್ನು ಅಪ್ಪನಿಂದ ಕಲಿತಿದ್ದರು.

ನಾಲ್ಕು ವರ್ಷದ ಹಿಂದೆ ಜಮೀನ್ದಾರ ರುದ್ರಮೂರ್ತಿಯ ಮನೆಯ ಮದುವೆಯಲ್ಲಿ, ಕಾಲುನೋವೆಂದು ಕುರ್ಚಿಯಲ್ಲಿ ಕೂತದ್ದಕ್ಕೆ ಅವನು ಗಿಡ್ಡಪ್ಪನವರ ಕೆನ್ನೆಗೆ ಬಾರಿಸಿದ್ದ. “ಮರ್ಯಾದೆಯಾಗಿ ಎದ್ದೋಗಲೇ” ಅಂದಿದ್ದ.

ಹೋದ ಆಗಸ್ಟಿನಲ್ಲಿ ಅದೇ ರುದ್ರಮೂರ್ತಿ ಇವರ ಬಾಗಿಲಿಗೆ ಬಂದ. ಪಿಯುಸಿ ಓದುತ್ತಿದ್ದ ಅವನ ಮಗಳು ಧನುಶ್ರೀ ನಾಲೆಯ ಮೆಟ್ಟಿಲಲ್ಲಿ ಜಾರಿ ನೀರಲ್ಲಿ ಕೊಚ್ಚಿಹೋಗಿ ಎರಡು ದಿನವಾಗಿತ್ತು.

“ಗಿಡ್ಡಪ್ಪನೋರೇ, ನಿಮ್ ಕಾಲಿಗ್ ಬೀಳ್ತೀನಿ. ಮಗೀನ ಮುಖ ತೋರ್ಸಿ.”

“ಹೋಗ್ಬ್ಯಾಡ” ಅಂದಳು ಹೆಂಡತಿ ದುರ್ಗಮ್ಮ. ಗಿಡ್ಡಪ್ಪ ಹೋದರು.

ಹುಡುಗಿ ತೂಬಿನ ಕಂಬಿಗೆ ಸಿಕ್ಕಿಕೊಂಡಿದ್ದಳು. ರಭಸಕ್ಕೆ ಬಟ್ಟೆಯೆಲ್ಲ ಹರಿದುಹೋಗಿತ್ತು. ದಡದ ತುಂಬ ಜನ, ಕೈಯಲ್ಲಿ ಮೊಬೈಲು. ಗಿಡ್ಡಪ್ಪ ಎದೆಮಟ್ಟದ ನೀರಲ್ಲೇ ಅವಳಿಗೆ ಮರೆಯಾಗಿ ನಿಂತರು.

“ಮೊಬೈಲ್ ಒಳಗಿಡ್ರೋ! ಒಂದು ಬಟ್ಟೆ ಎಸೀರಿ. ಅಲ್ಲೀಗಂಟ ಮೇಲಕ್ಕೆ ತರಾಕಿಲ್ಲ.”

ಹಲ್ಲು ಕಟಕಟ ಅನ್ನುತ್ತಿತ್ತು. ಕೊನೆಗೆ ಗುರುಶಾಂತಮ್ಮ ಎಂಬ ಮುದುಕಿ ತಾನು ಹೊದ್ದ ಶಾಲು ಎಸೆದಳು. ಅದನ್ನು ಸುತ್ತಿ, “ನಡೀರವ್ವ, ಮನೆಗೋಗಾನ” ಅನ್ನುತ್ತ ಎತ್ತಿಕೊಂಡು ಬಂದರು.

ಹನ್ನೊಂದನೇ ದಿನದ ಕಾರ್ಯಕ್ಕೆ ಕರೆ ಬಂತು. ನೆಂಟರಿಗೆಲ್ಲ ಒಳಗೆ ಪಂಕ್ತಿ. ಗಿಡ್ಡಪ್ಪನವರಿಗೆ ಹಿತ್ತಲಲ್ಲಿ, ಕೊಟ್ಟಿಗೆಯ ಪಕ್ಕ ಎಲೆ ಹಾಕಿದರು. ಅತ್ತು ಬಾತ ಕಣ್ಣಿನ ರುದ್ರಮೂರ್ತಿ ಬಂದು ನಿಂತ. “ಹೊಟ್ಟೆತುಂಬ ಉಣ್ಣೋ ಗಿಡ್ಡ” ಅಂದ. ಅಕ್ಕರೆಯಿಂದಲೇ ಅಂದಿದ್ದ. ಅದಕ್ಕೇ ಅದು ಹೆಚ್ಚು ನಾಟಿತು.

ಗಿಡ್ಡಪ್ಪ ಕಲಸಿದ ಅನ್ನ ಬಿಟ್ಟು ಎದ್ದರು. “ಸತ್ತಿದ್ರೂವೆ ನಿಮ್ ಮಗಳನ್ನ ನಾನು ನೀವು ಅಂತ್ಲೇ ಮಾತಾಡ್ಸ್ದೆ ಕಣ್ರೀ.”

ಹಿತ್ತಲಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಸಾವಿನ ಮನೆಯಲ್ಲಿ ಸೊಕ್ಕು ತೋರಿಸಿದ ಎಂಬ ಸುದ್ದಿ ಹಬ್ಬಿತು. ಸುತ್ತಿನ ಗದ್ದೆಗಳಲ್ಲಿ ಕೂಲಿಗೆ ಕರೆಯುವುದು ನಿಂತಿತು. ದುರ್ಗಮ್ಮ ದಿನಾ ಬಸ್ಸು ಹತ್ತಿ ತರೀಕೆರೆಗೆ ಪಾತ್ರೆ ತೊಳೆಯಲು ಹೋಗತೊಡಗಿದಳು. ನಾಲೆಯ ನೀರು ಸೇರಿ ಕೀವಾದ ಗಿಡ್ಡಪ್ಪನವರ ಎಡಗಿವಿ ಕೇಳಿಸದಾಯಿತು.

ಕಳೆದ ತಿಂಗಳು ಮತ್ತೆ ಯಾರೋ ಬಿದ್ದರು. ನೀರಿಗಿಳಿಯಬಾರದೆಂದು ಡಾಕ್ಟರು ಹೇಳಿದ್ದರೂ ಗಿಡ್ಡಪ್ಪ ಟವೆಲ್ ಎತ್ತಿಕೊಂಡರು.

“ಇಷ್ಟಾದ್ಮೇಲೂ ಇವ್ರಿಗೋಸ್ಕರ ಹೋಗ್ತೀಯಾ?” ದುರ್ಗಮ್ಮ ಬಲಗಿವಿಯ ಹತ್ತಿರ ಬಂದು ಕಿರುಚಿದಳು.

“ಇವ್ರಿಗಲ್ಲ ಕಣೇ. ನೀರೊಳಗಿರೋರು ನಂಗೇನಂದವ್ರೆ?”