ಒಂದು ಡಿಸ್ಕಿಗೆ ಇಬ್ಬರು ಹಿರಿಯರು

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಂಪ್ಯೂಟರಿನ ಮಟ್ಟಿಗೆ ಈ ಗಾದೆಯನ್ನು ಕೊಂಚ ತಿರುಗಿಸಬೇಕು. ಅದಕ್ಕೆ ಹುಟ್ಟುಗುಣ ಹಾಕುವುದೇ ಸುಟ್ಟು. ಚಿಪ್ಪಿನೊಳಗೆ ಸುಟ್ಟು ಕೂರಿಸಿದ ಬುದ್ಧಿಗೆ ಫರ್ಮ್‌ವೇರ್ ಎಂದು ಹೆಸರು. ಆಮೇಲೆ ಹೊರಗಿನಿಂದ ಕಲಿಸಿದ ಬುದ್ಧಿಗೆ ಡ್ರೈವರ್. ಆ ಹೆಸರು ಮೊದಲ ಸಲ ಕೇಳಿದಾಗ ಸಿರುಗುಪ್ಪ ಬಸ್ಸಿನ ಖಾಕಿ ಅಂಗಿ ನೆನಪಾಗಿ ನಕ್ಕಿದ್ದೆ.

ಎಂಬತ್ತರ ದಶಕದ ಕೊನೆ. ಬಳ್ಳಾರಿಯ ಹತ್ತಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ನಾನು ಗುಮಾಸ್ತ. ಅಲ್ಲಿಗೆ ಬಂದ ಕಂಪ್ಯೂಟರಿಗೆ ನಾನೇ ಪೂಜಾರಿ. ಭಾನುವಾರ ಸಾಹುಕಾರರ ಅಪ್ಪಣೆ ಪಡೆದು ಅವ್ವನನ್ನು ಅದರ ಪಕ್ಕ ಕೂರಿಸುತ್ತಿದ್ದೆ. ಸಿರುಗುಪ್ಪದಲ್ಲಿ ಟೀಚರಾಗಿದ್ದ ಅಕ್ಕ ಬಸ್ಸು ಹಿಡಿದು ಬರುತ್ತಿದ್ದಳು. ಕುರುಗೋಡಿನ ತವರಿನಲ್ಲಿ ಕಲಿತ ಬೀಸುಕಲ್ಲಿನ ಹಾಡನ್ನು ಅವ್ವ ಹೇಳುವುದು, ಅಕ್ಕ ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡುವುದು. ಕಲ್ಲು ತಿರುಗದೆ ಅವ್ವನಿಗೆ ಹಾಡು ಬಾರದು. ಬರಿಗೈಯನ್ನೇ ತೊಡೆಯ ಮೇಲೆ ಗುಂಡಗೆ ತಿರುಗಿಸುತ್ತಿದ್ದಳು. ಅಕ್ಕ ತಿರುಗಿ ಓದುವಾಗ ಪದ ತಪ್ಪಿದರೆ ಆ ಕೈ ಗಕ್ಕನೆ ನಿಲ್ಲುತ್ತಿತ್ತು. "ಹಂಗಲ್ಲವ್ವಾ, ತಿದ್ದು" ಎಂದು ಅಕ್ಕನಿಗೆ ಹೇಳುವಳು.

ಆ ಬೇಸಿಗೆ ಅವ್ವನಿಗೆ ಲಕ್ವ ಹೊಡೆದು ಮಾತು ನಿಂತಿತು. "ಹಾಡು ಡಿಸ್ಕಿನ್ಯಾಗ ಅದಾವ ಬಿಡು" ಎಂದು ಅಕ್ಕ ನನ್ನನ್ನು ಸಮಾಧಾನ ಮಾಡಿದಳು. ಅಷ್ಟರಲ್ಲಿ ಆಫೀಸಿಗೆ ದೊಡ್ಡ ಡಿಸ್ಕು ಬಂತು, ಅದನ್ನು ನಡೆಸುವ ಹೊಸ ಕಂಟ್ರೋಲರ್ ಕಾರ್ಡೂ ಬಂತು. ಹಾಡುಗಳನ್ನು ಅದಕ್ಕೆ ತುಂಬಿದೆವು. ಅವು ಮೊದಲಿದ್ದ ಫ್ಲಾಪಿಗಳು ಅಳಿಸಿಕೊಂಡು ಆಫೀಸಿನ ಕೆಲಸಕ್ಕೆ ಹೋದವು. ಹಳೆಯ ಡ್ರೈವರ್ ಮಾತ್ರ ಹಾಗೇ ಉಳಿದಿತ್ತು.

ರಾರಾವಿಯ ಒಂದು ಮದುವೆಯಲ್ಲಿ ಇಬ್ಬರು ಹಿರೇತನ ವಹಿಸಿದ್ದು ನೋಡಿದ್ದೇನೆ. ಊಟದ ಪಂಕ್ತಿಯನ್ನು ಒಬ್ಬರು ಬಾಗಿಲಿನಿಂದ ಎಣಿಸಿದರು, ಇನ್ನೊಬ್ಬರು ಒಲೆಯ ಕಡೆಯಿಂದ. ಒಂದೇ ಎಲೆಗೆ ಇಬ್ಬರು ಬಂದು ನಿಂತರು. ಡಿಸ್ಕಿನಲ್ಲೂ ಆದದ್ದು ಅದೇ. ಕಾರ್ಡಿನ ಫರ್ಮ್‌ವೇರ್ ತನ್ನ ಲೆಕ್ಕದಲ್ಲಿ ಜಾಗ ಹಂಚಿತು, ಡ್ರೈವರ್ ತನ್ನ ಲೆಕ್ಕದಲ್ಲಿ. ಹೈದರಾಬಾದಿನಿಂದ ಬಂದ ಇಂಜಿನಿಯರು ಪರೀಕ್ಷಿಸಿ, "ರೆಂಡೂ ಕರೆಕ್ಟೇನಂಡಿ" ಎಂದರು. ಎರಡೂ ಸರಿಯಂತೆ! ಮದುವೆಯಲ್ಲಾದರೆ ಎದ್ದು ಮುಂದಿನ ಪಂಕ್ತಿಗೆ ಕೂರಬಹುದು. ಇಲ್ಲಿ ಅವ್ವನ ಸಾಲುಗಳಿದ್ದ ಜಾಗದಲ್ಲಿ ಹತ್ತಿ ಮೂಟೆಗಳ ತೂಕದ ಲೆಕ್ಕ ಕೂತಿತ್ತು. ಆ ಸಂಜೆಯೇ ಅಕ್ಕನಿಗೆ ಸುದ್ದಿ ಮುಟ್ಟಿಸಿದೆ.

ಅಕ್ಕ ರಜೆ ಹಾಕಿ ಬಂದು ಅವ್ವನ ಹಾಸಿಗೆಯ ಪಕ್ಕ ಕೂತಳು. ಡಿಸ್ಕನ್ನು ನಂಬಿ ಅರ್ಧ ಮರೆತಿದ್ದ ಹಾಡನ್ನು ತಡವರಿಸುತ್ತ ಶುರುಮಾಡಿದಳು. ಲಕ್ವ ಮುಟ್ಟದ ಕೈ ಕೌದಿಯ ಮೇಲೆ ಗುಂಡಗೆ ತಿರುಗತೊಡಗಿತು! ಪದ ತಪ್ಪಿತು, ಕೈ ನಿಂತಿತು. ಬೇರೆ ಪದ ಹಾಕಿದಳು, ಮತ್ತೆ ತಿರುಗಿತು. ಕಲಿತ ಮಾತೆಲ್ಲ ಹೋಗಿದ್ದರೂ ಕೈಗೆ ಹಾಡು ಗೊತ್ತಿತ್ತು. ನಿಂತು ನಿಂತು, ತಿದ್ದಿ ತಿದ್ದಿ, ಕೆಲವು ದಿನಗಳಲ್ಲಿ ಒಂದು ಹಾಡು ಇಡಿಯಾಗಿ ಸಿಕ್ಕಿತು. ನಾವಿಬ್ಬರೂ ಮಕ್ಕಳಂತೆ ನಕ್ಕೆವು, ಅತ್ತೆವು.

ಎರಡನೆಯ ಹಾಡಿನ ನಡುವೆ ಕೈ ನಿಂತಿತು. ಅಕ್ಕ ಪದ ಬದಲಿಸಿದಳು. ಕೈ ತಿರುಗಲಿಲ್ಲ. ಮತ್ತೊಂದು ಪದ ಹಾಕಿ, "ಇದೂ ಅಲ್ಲೇನಬೇ ಯವ್ವಾ?" ಎಂದು ಕೇಳಿದಳು. ನಾನು ಬಗ್ಗಿ ಅವ್ವನ ಮುಖ ನೋಡಿದೆ, ಮೂಗಿನ ಹತ್ತಿರ ಬೆರಳು ಹಿಡಿದೆ.

ಅಕ್ಕ ಮೊದಲು ಹೇಳಿದ ಪದವೇ ಸರಿಯಿತ್ತು.