ತೋಳಿನ ಅಳತೆ

ಚನ್ನಪಟ್ಟಣದ ಬಾಬಾಜಾನ್ ನಲವತ್ತೊಂದನೆಯ ವಯಸ್ಸಿನ ತನಕ ಕೂತೇ ದುಡಿದವನು. ಅವನ ಅಪ್ಪನೂ ಹಾಗೆಯೇ. ಗೊಂಬೆ ಕಡೆಯುವವರು ನೆಲದ ಮೇಲೆ ಕೂರುತ್ತಾರೆ. ಬಲಗೈಯಲ್ಲಿ ಬಿಲ್ಲು, ಎಡಗೈಯಲ್ಲಿ ಉಳಿ. ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಅದರ ಹಗ್ಗಕ್ಕೆ ಸಿಕ್ಕಿಸಿದ ಹಾಲೆಮರದ ತುಂಡು ತಿರುಗುತ್ತದೆ, ಉಳಿ ಅದನ್ನು ಕೆತ್ತುತ್ತದೆ, ಕೊನೆಗೆ ಅರಗಿನ ಕಡ್ಡಿ ಒತ್ತಿದರೆ ತಿರುಗುವ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ. ಈ ಕಸುಬಿನಲ್ಲಿ ಕಾಲಿಗೆ ಕೆಲಸವಿಲ್ಲ, ಮಡಚಿಕೊಂಡು ಬಿದ್ದಿರುತ್ತದೆ. ಎಂಟನೆಯ ವಯಸ್ಸಿಗೇ ಬಿಲ್ಲು ಹಿಡಿದದ್ದರಿಂದ ಅವನ ತೋಳು ಬೆಳೆದು ಕಾಲು ಬೆಳೆಯಲಿಲ್ಲ ಎಂದು ಕೇರಿಯವರು ಹೇಳುತ್ತಿದ್ದರು. ಅದು ವೈದ್ಯರು ಒಪ್ಪುವ ಮಾತಲ್ಲ. ಕಾರಣ ಏನೇ ಇರಲಿ, ಇಳಿಬಿಟ್ಟರೆ ಅವನ ಬೆರಳು ಮೊಣಕಾಲಿನ ಹತ್ತಿರ ಬರುತ್ತಿದ್ದವು. ತಾನು ಕುಳ್ಳ ಎಂಬುದು ಬಾಬಾಜಾನನಿಗೆ ಗೊತ್ತಿತ್ತು. ಎಲ್ಲಿ ಕುಳ್ಳ ಎಂಬುದು ಗೊತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿಯಲ್ಲಿ ಅವನ ಬಲಭುಜ ಕೈಕೊಟ್ಟಿತು. ಒಂದು ಬುಗುರಿ ಕಡೆಯುವಷ್ಟರಲ್ಲಿ ತೋಳು ಮರಗಟ್ಟಿ ಬಿಲ್ಲು ಜಾರಿ ಬೀಳುತ್ತಿತ್ತು. ಹಕೀಮರ ಎಣ್ಣೆ, ಪೀರ್ ಸಾಹೇಬರ ತಾಯಿತ ಎರಡೂ ಆದವು. ಭುಜ ಹಾಗೇ ಇತ್ತು. ಅದೇ ಹೊತ್ತಿಗೆ ಊರಿನ ರೇಷ್ಮೆ ಮೊಟ್ಟೆ ಕೇಂದ್ರಕ್ಕೆ ಒಬ್ಬ ಆಳು ಬೇಕೆಂಬ ಸುದ್ದಿ ಬಂತು. ಹುಳುವಿನ ಮೊಟ್ಟೆ ಇಟ್ಟ ಹಾಳೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಬಿಸಿಲೇರುವ ಮೊದಲು ಸಾತನೂರು, ಕಬ್ಬಾಳಿನ ಕಡೆಯ ರೈತರಿಗೆ ಮುಟ್ಟಿಸಬೇಕು. ತಡವಾದರೆ ದಾರಿಯಲ್ಲೇ ಮೊಟ್ಟೆ ಒಡೆದು ಹುಳು ಸಾಯುತ್ತವೆ. ಆದ್ದರಿಂದ ಸ್ವಂತ ಸೈಕಲ್ ಇದ್ದವನಿಗೇ ಕೆಲಸ. ಅದನ್ನು ಇನ್ಸ್‌ಪೆಕ್ಟರ್ ಸಾಹೇಬರ ಎದುರು ಓಡಿಸಿಯೂ ತೋರಿಸಬೇಕು. ಭುಜಕ್ಕೆ ಕೆಲಸವಿಲ್ಲದ ನೌಕರಿ ಎಂದರೆ ಅದೊಂದೇ.

ಸೈಕಲ್ ಹೊಡೆಯಲು ಅವನಿಗೆ ಬರುತ್ತಿತ್ತು. ಹತ್ತು ವರ್ಷದ ಹಿಂದೆ ಗೆಳೆಯ ನಜೀರನ ರಿಪೇರಿ ಅಂಗಡಿಯಲ್ಲಿ ಕ್ರೈಸ್ತ ಮಿಷನ್ನಿನ ಅಮ್ಮನವರೊಬ್ಬರ ಹಳೆಯ ಸೈಕಲ್ ಇತ್ತು. ಹೆಂಗಸರ ಗಾಡಿ, ಮೇಲಿನ ಅಡ್ಡ ಕೊಳವೆ ಇಲ್ಲದ್ದು. ಅದರ ಮೇಲೆ ಕಲಿತಿದ್ದ. ಆಮೇಲೆ ಅದು ಬಿಡಿಬಿಡಿಯಾಗಿ ಬೇರೆ ಸೈಕಲ್ಲುಗಳೊಳಗೆ ಸೇರಿಹೋಯಿತು.

"ಕನಕಪುರದಾಗೆ ನಂಜುಂಡಯ್ಯ ಅಂತ ಕಂದಾಯದ ಪಿಂಚಣಿ ಶೇಕದಾರ್ರು ಅವರೆ," ಎಂದ ನಜೀರ್. "ಅವರ ಸೈಕಲ್ ಫ್ರೇಮು ಸೂರಿನಾಗೆ ನೇತಾಡ್ತೈತೆ. ಇಂಗ್ಲೀಷ್ ಮಾಲು. ಚಕ್ರ ನಾನು ಕೊಡ್ತೀನಿ. ಅಳತೆ ಮಾತ್ರ ನೋಡ್ಕಂಡು ತಗಾ. ಸೀಟು ಏರುಸ್ಬೋದು, ಹ್ಯಾಂಡ್ಲು ತಿರುಗುಸ್ಬೋದು. ಫ್ರೇಮು ಅಂದ್ರೆ ಮುಗೀತು, ಹುಟ್ಟಿದಂಗೇ ಇರ್ತದೆ."

"ಅಳತೆ ಹೆಂಗ್ಲಾ ನೋಡೋದು?"

"ಸೀಟ್ನ ಕಂಕುಳಿಗೆ ಕೊಡು. ತೋಳು ಕೆಳಕ್ಕೆ ಬುಡು. ಬೆರಳ ತುದಿ ಪೆಡ್ಲು ಅಚ್ಚಿಗೆ ಮುಟ್ಟಿದ್ರೆ ಆ ಫ್ರೇಮು ನಿಂದು. ಮುಟ್ನಿಲ್ಲ, ಸಲಾಂ ಹೇಳಿ ಎದ್ದು ಬಂದ್ಬುಡು."

"ನೀನೂ ಬಾರ್ಲಾ."

"ನಾನ್ಯಾಕ್ಲಾ ಬರ್ಲಿ? ನಿನ್ನ ತೋಳು ನಿನ್ ಜೊತೇಲೇ ಬತ್ತದಲ್ಲ!"

ನಜೀರನ ಸೂತ್ರ ತಪ್ಪಲ್ಲ. ದೇವರು ಸಾಮಾನ್ಯವಾಗಿ ತೋಳಿಗೂ ಕಾಲಿಗೂ ಒಂದು ಲೆಕ್ಕ ಇಟ್ಟಿರುತ್ತಾನೆ. ನಜೀರ್ ಇಪ್ಪತ್ತು ವರ್ಷ ಅದರ ಮೇಲೆಯೇ ವ್ಯಾಪಾರ ಮಾಡಿದ್ದ. ಬಾಬಾಜಾನನಂತೂ ಹುಟ್ಟಿದಾಗಿನಿಂದ ಗೇಣು, ಮೊಳ, ಮಾರುಗಳಲ್ಲೇ ಬದುಕಿದವನು. ತೋಳಿಗಿಂತ ನಂಬಿಕಸ್ಥ ಅಳತೆಗೋಲು ಅವನಿಗೆ ಗೊತ್ತಿರಲಿಲ್ಲ.

ಕನಕಪುರದ ಮನೆಯ ಜಗಲಿಯಲ್ಲಿ ನಂಜುಂಡಯ್ಯನವರು ಫ್ರೇಮನ್ನು ಇಳಿಸಿಕೊಟ್ಟರು. ಆರಡಿಯ ಆಸಾಮಿ, ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಹೊರಗೆ ಓಡಾಡಿದ್ದೇ ಇಲ್ಲ. ಚಕ್ರಗಳು ಎಂದೋ ಹೋಗಿದ್ದವು. ಸೀಟಿನ ಕಂಬಿ ತುಕ್ಕು ಹಿಡಿದು ಕೊಳವೆಯ ಬುಡದಲ್ಲೇ ಕಚ್ಚಿ ನಿಂತಿತ್ತು.

"ಇದು ನನ್ನೆತ್ತರಕ್ಕೆ ತರಿಸಿದ್ದು ಕಣಯ್ಯ. ನಿನಗಾಗ್ತದಾ?" ಎಂದರು.

ಬಾಬಾಜಾನ್ ಸೀಟನ್ನು ಕಂಕುಳಿಗೆ ಕೊಟ್ಟು ತೋಳು ಇಳಿಬಿಟ್ಟ. ನಡುಬೆರಳು ಅಚ್ಚಿನ ಮೇಲೆ ಅಚ್ಚೊತ್ತಿದಂತೆ ಕೂತಿತು. ಶೇಕದಾರರಿಗೆ ಆಶ್ಚರ್ಯವಾಯಿತು. ತಾವೂ ಬಗ್ಗಿ ಸೀಟನ್ನು ಕಂಕುಳಿಗೆ ಕೊಟ್ಟು ನೋಡಿದರು. ಅವರ ಬೆರಳೂ ಅಲ್ಲಿಗೇ ಮುಟ್ಟಿತು.

"ಏನಯ್ಯ ಇದು, ನಿಂಗೂ ಅಷ್ಟೇ, ನಂಗೂ ಅಷ್ಟೇ!"

ಆರಡಿಯವನ ತೋಳೂ ತನ್ನ ತೋಳೂ ಒಂದೇ ಆಗಿದ್ದರೆ ಎಲ್ಲೋ ಏನೋ ಹೆಚ್ಚುಕಮ್ಮಿ ಇದೆ ಎಂದು ಬಾಬಾಜಾನ್ ಅಲ್ಲಿ ಯೋಚಿಸಬೇಕಿತ್ತು. ಅವನು ಅದನ್ನು ಎರಡನೆಯ ಸಾಕ್ಷಿ ಎಂದುಕೊಂಡ. ಇನ್ನೂ ಒಂದು ದಾರಿ ಇತ್ತು. ಫ್ರೇಮನ್ನು ಎರಡು ಕಲ್ಲಿನ ಮೇಲೆ ನಿಲ್ಲಿಸಿ ಕಾಲು ಹಾಕಿ ನೋಡಬಹುದಿತ್ತು. ಆದರೆ ಶೇಕದಾರರು ಕೂತು ಓಡಾಡಿದ ಗಾಡಿಯ ಮೇಲೆ ಅವರೆದುರಿಗೇ ಕಾಲೆತ್ತಿ ಹಾಕುವುದು ಮರ್ಯಾದಸ್ಥರು ಮಾಡುವ ಕೆಲಸವಲ್ಲ.

ದುಡ್ಡಿನ ಮಾತು ಬರಲಿಲ್ಲ. ಶೇಕದಾರರ ಮಗಳು ಬಸುರಿ; ಅವರ ಹೆಂಡತಿ ಚಿಕ್ಕಲಕ್ಷ್ಮಮ್ಮನವರಿಗೆ ಚನ್ನಪಟ್ಟಣದ ಅರಗಿನ ತೊಟ್ಟಿಲು ಬೇಕಿತ್ತು. ಫ್ರೇಮಿಗೆ ತೊಟ್ಟಿಲು ಎಂದಾಯಿತು.

ಆ ತೊಟ್ಟಿಲು ಬಾಬಾಜಾನನ ಭುಜದಲ್ಲಿ ಉಳಿದಿದ್ದುದನ್ನೆಲ್ಲ ಹೀರಿಕೊಂಡಿತು. ಹೆಂಡತಿ ಮಜೀದಾ ಬೆಳಿಗ್ಗೆ ಹರಳೆಣ್ಣೆ ಹಚ್ಚಿ ಭುಜಕ್ಕೆ ಬಟ್ಟೆ ಬಿಗಿಯುವಳು, ಸಂಜೆ ಬಿಚ್ಚುವಳು. ನಲವತ್ತೆಂಟು ಕಡ್ಡಿ, ನಾಲ್ಕು ಕಾಲು, ಮೇಲೆ ತಿರುಗುವ ಗಿಳಿಗಳು. ಮುಗಿದ ದಿನ ಅವನು ಬಿಲ್ಲನ್ನು ಗೋಡೆಗೆ ತೂಗುಹಾಕಿದ. ಖಾಲಿ ತೊಟ್ಟಿಲನ್ನು ಯಾರ ಮನೆಗೂ ಕಳಿಸಬಾರದೆಂದು ಅದರೊಳಗೆ ಒಂದು ಕೆಂಪು ಗೊಂಬೆ ಮಲಗಿಸಿ ಕನಕಪುರದ ಗಾಡಿಗೆ ಏರಿಸಿದ. ಅದೇ ಗಾಡಿ ಫ್ರೇಮನ್ನು ತಂದಿತು.

ನಜೀರ್ ಚಕ್ರ ಹೊಂದಿಸಿ ಸೈಕಲ್ಲನ್ನು ಅವನ ಮನೆಗೆ ತಂದು ನಿಲ್ಲಿಸಿದ್ದು ಒಂದು ಮಂಗಳವಾರ. ಸಾಹೇಬರ ಪರೀಕ್ಷೆ ಮುಂದಿನ ಸೋಮವಾರ. ಬಾಬಾಜಾನ್ ಪಕ್ಕದಲ್ಲಿ ನಿಂತ. ಮೇಲಿನ ಕೊಳವೆ ಹೊಕ್ಕುಳಿನ ಹತ್ತಿರ ಬಂತು. ಕಾಲೆತ್ತಿ ಹಾಕಲು ನೋಡಿದ. ಕಾಲು ಕೊಳವೆಯ ಮೇಲೆ ಸಿಕ್ಕಿಕೊಂಡು ಅವನೂ ಸೈಕಲ್ಲೂ ಒಟ್ಟಿಗೆ ಗೋಡೆಗೆ ಒರಗಿದರು.

ನಜೀರ್ ತಲೆ ಕೆರೆದುಕೊಂಡ. "ತೋಳು ಹಾಕ್ಲಾ ಇನ್ನೊಂದ್ಸಲ."

ಹಾಕಿದ. ಬೆರಳು ಅಚ್ಚಿಗೆ ಸರಿಯಾಗಿ ಮುಟ್ಟಿತು.

"ಸರಿಯಾಗೇ ಐತಲ್ಲೋ! ತೋಳು ಸುಳ್ಳು ಹೇಳಕಿಲ್ಲ ಕಣ್ಲಾ."

"ಹಂಗಾರೆ ಕಾಲು ಹೇಳ್ತೈತಾ?"

ಬಾಗಿಲ ಪರದೆಯ ಹಿಂದಿನಿಂದ ಮಜೀದಾ ಮಾತಾಡಿದಳು. "ಹದಿನೆಂಟು ವರ್ಷದಿಂದ ನಿಮ್ಮ ಬಟ್ಟೆ ಹೊಲೀತಿದೀನಿ. ಅಂಗಿ ತೋಳಿಗೆ ಒಂದು ಗೇಣು ಬಟ್ಟೆ ಸಾಲಲ್ಲ. ಪೈಜಾಮದಲ್ಲಿ ಅದೇ ಒಂದು ಗೇಣು ಉಳೀತದೆ. ಕಾಲಿಂದು ಕತ್ತರಿಸಿ ತೋಳಿಗೆ ಹಚ್ತೀನಿ. ನನ್ನ ಒಂದು ಮಾತು ಕೇಳಿದ್ರಾ?"

"ಸೈಕಲ್ ವಿಷಯ ಹೆಂಗಸರನ್ನ ಏನು ಕೇಳೋದು?"

"ಸೈಕಲ್ ಬಿಡಿ. ಕಾಲಿನ ವಿಷಯ ಕೇಳಬೋದಿತ್ತಲ್ಲ."

ನಜೀರ್ ನಗಲು ಹೋಗಿ ನಿಲ್ಲಿಸಿದ. ಊರಿನಲ್ಲಿ ಚಿಕ್ಕ ಫ್ರೇಮು ಇದ್ದದ್ದು ಆಸ್ಪತ್ರೆಯ ಕಾಂಪೌಂಡರರ ಹತ್ತಿರ ಮಾತ್ರ. ಅವರು ಅದನ್ನು ಮಾರುವುದಿರಲಿ, ಮುಟ್ಟಲೂ ಬಿಡುತ್ತಿರಲಿಲ್ಲ.

ಗುರುವಾರ ಬಾಬಾಜಾನ್ ಮತ್ತೆ ಕನಕಪುರಕ್ಕೆ ಹೋದ. ತೊಟ್ಟಿಲು ಮರಳಿ ಸಿಕ್ಕರೆ ಪಕ್ಕದೂರು ಕ್ಲೋಸ್‌ಪೇಟೆಯಲ್ಲಿ ಯಾರಿಗಾದರೂ ಕೊಟ್ಟು ಬೇರೆ ಸೈಕಲ್ ಹಿಡಿಯಬಹುದೆಂಬ ಆಸೆ. ಶೇಕದಾರರ ಮನೆಯ ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಬಾಡಿರಲಿಲ್ಲ. ಹಿಂದಿನ ದಿನವಷ್ಟೇ ಮಗುವಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕಿದ್ದರು.

ಅವನು ಬಂದ ಕಾರಣ ಕೇಳಿ ಚಿಕ್ಕಲಕ್ಷ್ಮಮ್ಮ ಬೆಚ್ಚಿದರು. "ಮಗೀನ ಮಲಗಿಸಿದ ತೊಟ್ಲ ಬರಿದು ಮಾಡಿ ಹೊರಕ್ಕೆ ಕಳುಸ್ತಾರೇನಪ್ಪ? ತೊಟ್ಲು ಮಾಡೋನು ನೀನೇ ಹಿಂಗಂದ್ರೆ?"

ಕೊಂಡವರೆಲ್ಲರಿಗೂ ಆ ಎಚ್ಚರಿಕೆ ಹೇಳಿ ಕಳಿಸುತ್ತಿದ್ದವನು ಅವನೇ. ಒಳಗೆ ತೊಟ್ಟಿಲು ತೂಗುತ್ತಿತ್ತು. ಗಿಳಿಗಳು ತಿರುಗುವ ಸದ್ದು ಜಗಲಿಗೆ ಕೇಳುತ್ತಿತ್ತು. ಎಲ್ಲೂ ಕಿರುಗುಟ್ಟುತ್ತಿರಲಿಲ್ಲ. ಕೆಲಸ ಚೆನ್ನಾಗಿ ಆಗಿತ್ತು.

"ಸುಗ್ಗಿ ಆಗ್ಲಿ, ತೊಟ್ಟಿಲಿನ ಬೆಲೆ ದುಡ್ಡಾಗೇ ಕೊಟ್ಬಿಡ್ತೀನಿ," ಎಂದರು ನಂಜುಂಡಯ್ಯನವರು. ಕೆಟ್ಟ ಮನುಷ್ಯರಲ್ಲ.

"ಸೋಮವಾರಕ್ಕೆ ಬೇಕಿತ್ತು ಸ್ವಾಮಿ."

"ಅಲ್ಲಯ್ಯ, ಅವತ್ತು ತೋಳು ಹೆಂಗೆ ಸರಿಹೋಯ್ತು?"

"ತೋಳು ತಮ್ಮದೇ ಸ್ವಾಮಿ. ಕಾಲು ಮಾತ್ರ ನಂದು."

ಉಳಿದ ಮೂರು ದಿನದಲ್ಲಿ ಅವನಿಂದ ಆದದ್ದು ಎರಡು ಕೆಲಸ. ಪೆಡಲುಗಳಿಗೆ ಮರದ ದಪ್ಪ ತುಂಡುಗಳನ್ನು ಕಟ್ಟಿದ. ಅಭ್ಯಾಸಬಲದಿಂದ ಅವಕ್ಕೂ ಕೆಂಪು ಅರಗು ಬಳಿದಿದ್ದ. ಇದರಿಂದ ಕಾಲಿಗೆ ಪೆಡಲು ಸಿಕ್ಕಿತು. ನೆಲ ಸಿಗಲಿಲ್ಲ. ಏರಲು ಒಂದು ಕಲ್ಲು ಬೇಕು, ಇಳಿಯಲು ಒಂದು ಕಲ್ಲು ಬೇಕು, ನಡುವೆ ನಿಲ್ಲುವಂತಿಲ್ಲ. ಕೇಂದ್ರದ ಎದುರು ಒಂದು ಮೈಲಿಗಲ್ಲು ಇತ್ತು. ಅದರಿಂದ ಹೊರಟು, ರೈಲ್ವೆ ಗೇಟಿನ ಮುಂದಿನ ಬಯಲಿನಲ್ಲಿ ಇಳಿಯದೆ ತಿರುಗಿ, ಅದೇ ಕಲ್ಲಿಗೆ ಬಂದು ಇಳಿಯಬಹುದೆಂದು ಲೆಕ್ಕ ಹಾಕಿದ. ಶನಿವಾರ, ಭಾನುವಾರ ಹಾಗೆಯೇ ಮಾಡಿದ. ಎಂಟು ಸಲದಲ್ಲಿ ಎಂಟು ಸಲವೂ ಬಂತು.

ಸೋಮವಾರ ಸಾಹೇಬರು ಪೆಟ್ಟಿಗೆಯನ್ನು ತಾವೇ ಹಿಂದೆ ಕಟ್ಟಿಸಿದರು. "ಗೇಟು ದಾಟಿ ಹೋಗಿ ವಾಪಸ್ ಬಾ. ಪೆಟ್ಟಿಗೆ ಅಲುಗಬಾರದು," ಎಂದರು. ಗೇಟು ದಾಟಬೇಕೆಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. ಆದರೂ ಮೈಲಿಗಲ್ಲಿನಿಂದ ಚೆನ್ನಾಗಿಯೇ ಹೊರಟ.

ಗೇಟು ಮುಚ್ಚಿತ್ತು. ಮೈಸೂರಿನ ಗಾಡಿ ಬರುವ ಹೊತ್ತು. ಬಾಬಾಜಾನ್ ಬಯಲಿನಲ್ಲಿ ಸುತ್ತು ಹಾಕತೊಡಗಿದ. ಒಂದೊಂದಾಗಿ ಎತ್ತಿನ ಗಾಡಿಗಳು ಬಂದು ನಿಂತವು. ಸುತ್ತು ಕಿರಿದಾಯಿತು.

"ಸಾಬ್ರು ಗಾಣ ತಿರುಗುಸ್ತಾವ್ರೆ ಕಣ್ರೋ!" ಎಂದ ಒಬ್ಬ.

"ಅಣ್ಣಾ, ಒಸಿ ಹಿಡ್ಕೊಳ್ರಣ್ಣಾ!" ಎಂದು ಬಾಬಾಜಾನ್ ಕೂಗಿದ.

"ಎತ್ತು ಬೆದರ್ತಾವೆ, ಹಗ್ಗ ಹೆಂಗ್ ಬುಡ್ಲಿ? ಇಳ್ಕಂಬುಡಿ ಸಾಬ್ರೇ!"

ಇಳಿಯುವುದೊಂದೇ ಅವನಿಂದ ಆಗದ ಕೆಲಸ. ತಿರುಗಲು ಜಾಗ ಮುಗಿದಾಗ ಅವನು ನೇರವಾಗಿ ಗೇಟಿನ ಕಡೆಗೆ ಬಿಟ್ಟ. ಉದ್ದನೆಯ ಎರಡೂ ತೋಳು ಚಾಚಿ ಗೇಟಿನ ಮೇಲಿನ ಪಟ್ಟಿಯನ್ನು ಹಿಡಿದುಕೊಂಡ. ಸೈಕಲ್ ನಿಂತಿತು. ಪೆಟ್ಟಿಗೆ ಅಲುಗಲಿಲ್ಲ. ರೈಲು ಬಂದು ಅವನ ಮುಖಕ್ಕೆ ಹೊಗೆ ಉಗಿದು ಹೋಯಿತು. ನೆಲ ಅವನ ಕಾಲಿನಿಂದ ಒಂದು ಗೇಣು ಕೆಳಗಿತ್ತು.

ಗೇಟು ಕಾಯುವ ಬೋರಲಿಂಗಯ್ಯ ಬೀಗ ತೆಗೆದ. ಅದು ಪಕ್ಕಕ್ಕೆ ತಿರುಗಿ ತೆರೆಯುವ ಗೇಟು. "ಬುಡಿ ಸಾಬ್ರೇ ಗೇಟ್ನ!"

"ಬುಟ್ರೆ ಬೀಳ್ತೀನಣ್ಣಾ! ಒಂಚೂರು ತಡೀರಿ!"

"ನಾನು ತಡದ್ರೆ ಇವ್ರು ತಡೀತಾರಾ?"

ಹಿಂದೆ ಹತ್ತು ಗಾಡಿಗಳವರು ಒಟ್ಟಿಗೆ ಕೂಗುತ್ತಿದ್ದರು. ಬೋರಲಿಂಗಯ್ಯ ಗೇಟನ್ನು ತಳ್ಳಿದ. ಬಾಬಾಜಾನ್ ಗೇಟಿನ ಜೊತೆಯಲ್ಲೇ ಹೊರಟ. ನಾಲ್ಕು ಮಾರು ಹೋಗುವಷ್ಟರಲ್ಲಿ ಸೈಕಲ್ ಕೆಳಗಿನಿಂದ ಜಾರಿತು. ಅವನು ಒಂದು ಗಳಿಗೆ ಗೇಟಿನಲ್ಲೇ ನೇತಾಡಿದ. ಆಮೇಲೆ ಬಲಭುಜ ಕೈಬಿಟ್ಟಿತು.

ಒಡೆದ ಪೆಟ್ಟಿಗೆಯನ್ನು ಅವನು ಸೈಕಲ್ ತಳ್ಳಿಕೊಂಡೇ ಕೇಂದ್ರಕ್ಕೆ ತಂದ. ಸಾಹೇಬರು ಸೈಕಲ್ಲನ್ನೂ ಅವನನ್ನೂ ಮೇಲಿನಿಂದ ಕೆಳಗೆ ನೋಡಿದರು.

"ನಿಂದೇನಾ ಇದು?"

"ನಂದೇ ಸಾಹೇಬ್."

ಅವರು ಬೇರೆಯವನ ಹೆಸರು ಕೂಗಿದರು.

ಆರಡಿಯ ಫ್ರೇಮನ್ನು ಕೊಳ್ಳುವ ಆರಡಿಯ ಆಳು ಆ ಸೀಮೆಯಲ್ಲಿ ಸಿಗಲಿಲ್ಲ. ಸುಗ್ಗಿ ಕಳೆದ ಮೇಲೂ ಬಾಬಾಜಾನ್ ಕನಕಪುರಕ್ಕೆ ದುಡ್ಡು ಕೇಳಲು ಹೋಗಲಿಲ್ಲ. ಮಗು ಮಲಗಿದ ತೊಟ್ಟಿಲಿಗೆ ಎರಡು ಸಲ ಬೆಲೆ ಕಟ್ಟುವುದು ಅವನಿಗೆ ಹಿಡಿಸಲಿಲ್ಲ. ಮಜೀದಾ ರೇಷ್ಮೆ ನೂಲು ತೆಗೆಯುವ ಮನೆಯೊಂದರಲ್ಲಿ ಕುದಿಯುವ ಗೂಡಿನ ನೀರಿಗೆ ಕೈ ಹಾಕುವ ಕೆಲಸಕ್ಕೆ ಸೇರಿದಳು. ಅದೇ ಮನೆಗೆ ಸಾತನೂರಿನ ಕಡೆಯಿಂದ ಗೂಡಿನ ಮೂಟೆ ತರುವ ಕೆಲಸ ಬಾಬಾಜಾನನಿಗೆ ಸಿಕ್ಕಿತು. ಎರಡು ಮೂಟೆಗಳನ್ನು ಸೈಕಲ್ಲಿನ ಅಡ್ಡ ಕೊಳವೆಗೆ ಜೋತುಹಾಕಿ, ಪಕ್ಕದಲ್ಲಿ ನಡೆದು ತಳ್ಳಿಕೊಂಡು ಬರುತ್ತಿದ್ದ. ಹೀಗೆ ಹದಿಮೂರು ವರ್ಷ.

ಮೂಟೆ ಇಳಿಸಿ ಬರಿಗಾಡಿಯಲ್ಲಿ ಮರಳುವಾಗಲೂ ಅವನು ಏರುತ್ತಿರಲಿಲ್ಲ. ನಡೆಯುವಾಗ ಪೆಡಲಿನ ಕೆಂಪು ತುಂಡು ಆಗಾಗ ಅವನ ಮೊಣಕಾಲಿನ ಕೆಳಗೆ ಬಡಿಯುತ್ತಿತ್ತು. ಅಲ್ಲಿ ಮಾಯದ ಒಂದು ಗಾಯವಿತ್ತು. ತುಂಡುಗಳನ್ನು ಬಿಚ್ಚಿಹಾಕಲು ಒಂದು ಗಳಿಗೆಯ ಕೆಲಸ. ಮಜೀದಾ ಹೇಳಿ ಹೇಳಿ ಸುಮ್ಮನಾದಳು. ಅವನ ಕೈ ಕೊನೆಯದಾಗಿ ಅರಗು ಬಳಿದ ಮರ ಅದು; ಅವನು ಬಿಚ್ಚಲಿಲ್ಲ.