ಕಾಲಿಂದ ತೊಟ್ಟ ಅಂಗಿ

ನನ್ನ ಹೆಂಡತಿ ಶಾಂತಕುಮಾರಿಗೆ ನಲವತ್ತಾರು ವರ್ಷ. ತವರು ಕಟ್ಟಾಯದ ಕಡೆ. ಮದುವೆಗೆ ಮುಂಚೆ ಎರಡು ವರ್ಷ ಹಾಸನದಲ್ಲಿ ಗಾರ್ಮೆಂಟ್ಸಿಗೆ ಹೋಗಿ ಟೀ ಶರ್ಟಿಗೆ ಕುತ್ತಿಗೆ ಪಟ್ಟಿ ಕೂರಿಸುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆವರೆಗೆ ಬರೀ ಕುತ್ತಿಗೆ. ಒಂದು ಇಡೀ ಬಟ್ಟೆ ಹೊಲಿದವಳಲ್ಲ, ಹಾಗಾಗಿ ನಾನು ಅದನ್ನು ಕೆಲಸ ಅಂತಲೇ ಎಣಿಸಿರಲಿಲ್ಲ. ಅರಕಲಗೂಡಿನಲ್ಲಿ ನಾನು ಟೈಲರ್. ರವಿಕೆಗೆ ನನ್ನದೊಂದು ಹೆಸರಿದೆ. ಅಂಗಡಿಯ ಹುಕ್ಕು, ಕಾಜಾ, ಹೆಮ್ಮಿಂಗು ಎಲ್ಲ ಇವಳೇ ಮನೆಯಲ್ಲಿ ಮಾಡಿಕೊಡುವುದು. ಮೆಷಿನ್ ಮುಂದೆ ಮಾತ್ರ ನಾನು ಇವಳನ್ನು ಕೂರಲು ಬಿಟ್ಟವನಲ್ಲ.

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಅಂಗಡಿ ಬೀಗದ ಕೈ ಮರೆತು ಮನೆಗೆ ವಾಪಸ್ ಬಂದೆ. ಒಳಕೋಣೆಯಲ್ಲಿ ಪಕ್ಕದ ಮನೆ ಮುದ್ದಮ್ಮ ಇವಳ ಎಡಗೈಯನ್ನು ರವಿಕೆ ತೋಳಿಗೆ ತೂರಿಸುತ್ತಿದ್ದರು. ಇವಳು ಟವಲನ್ನು ಹಲ್ಲಲ್ಲಿ ಕಚ್ಚಿ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು.

ನಾನು ಒಳಗೆ ನುಗ್ಗಿದೆ.

“ಏನಾಯ್ತೇ?”

“ಏನಿಲ್ಲ, ಓಗಿ ನೀವು” ಅಂದಳು.

“ಏನಿಲ್ವಂತೆ!” ಮುದ್ದಮ್ಮ ನನ್ನ ಕಡೆ ತಿರುಗಿದರು. “ನಾಕು ತಿಂಗ್ಳಿಂದ ದಿನಾ ನಾನೇ ಬಂದು ಬಟ್ಟೆ ಆಕ್ತಾ ಇವ್ನಿ ಕಣಪ್ಪ ಪಾಲಾಕ್ಷ. ಭುಜ ಇಡ್ಕಂಡೈತೆ. ಊರೋರ ಅಳ್ತೆನೆಲ್ಲಾ ಬಾಯಲ್ಲೇ ಏಳ್ತೀಯ, ಎಂಡ್ತಿ ಕೈ ಮ್ಯಾಕೆ ಏಳಾಕಿಲ್ಲ ಅನ್ನಾದು ಗೊತ್ತಿಲ್ವಾ?”

ನಾಲ್ಕು ತಿಂಗಳು! ಒಂದೇ ಮನೆ, ಒಂದೇ ಒಲೆ. ಬಾಯಿಗೆ ಬಂದಂತೆ ಕೂಗಾಡಿದೆ. ಡಾಕ್ಟರ ಹತ್ತಿರವೂ ಹೋಗಿದ್ದಳಂತೆ. ಶುಗರ್ ಇರುವವರಿಗೆ ಹೀಗಾಗುತ್ತದೆ, ಬಿಡಲು ವರ್ಷವೇ ಬೇಕು ಎಂದಿದ್ದರಂತೆ. ನನಗ್ಯಾಕೆ ಹೇಳಲಿಲ್ಲ ಎಂದು ಗದರಿದೆ.

“ಏಳಿದ್ದೆ. ತೋಳು ವಸಿ ಸಡ್ಲ ಬಿಡಿ ಅಂದೆ. ಟೈಲರ್ ಎಂಡ್ತಿ ಮೈಮ್ಯಾಲೆ ರವಿಕೆ ಜೋಲಾಡಿದ್ರೆ ಗಿರಾಕಿ ಬತ್ತಾರಾ ಅಂತ ಕತ್ರಿ ಕುಕ್ಕಿದ್ರಿ.”

ಹೌದು, ಕುಕ್ಕಿದ್ದೆ.

ಮುದ್ದಮ್ಮ ಮಗಳ ಬಾಣಂತನಕ್ಕೆ ಅದೇ ವಾರ ಚನ್ನರಾಯಪಟ್ಟಣಕ್ಕೆ ಹೊರಡಬೇಕಿತ್ತು. ಅಷ್ಟರೊಳಗೆ ತನ್ನ ಬಟ್ಟೆ ತಾನೇ ತೊಡುವಂತಾಗಬೇಕು, ಯಾರ ಕೈಯನ್ನೂ ಕಾಯಬಾರದು ಎಂಬುದು ಇವಳ ಹಟ. “ಟೀ ಶರ್ಟಿನ ಬಟ್ಟೆ ತಂದ್ಕೊಡಿ, ಉದ್ದಕ್ಕೊಂದು ಅಂಗಿ ಒಲ್ಕತೀನಿ” ಅಂದಳು.

“ನೀನ್ಯಾಕ್ ಒಲೀತೀಯ, ನಾನೇನ್ ಸತ್ತೋಗಿದ್ದೀನಾ?” ಎಂದು ರೇಗಿ, ಹಾಸನಕ್ಕೆ ಹೋಗಿ ಗಿಣಿಹಸಿರು ಬಟ್ಟೆ ತಂದೆ. ಅಂಗಡಿಯವರು ಜೆರ್ಸಿ ಅನ್ನುತ್ತಾರೆ. ಬನಿಯನ್ನಿನ ಹಾಗೆ ಎಳೆದರೆ ಹಿಗ್ಗುತ್ತದೆ.

ಮಾರನೇ ಬೆಳಿಗ್ಗೆ ನಾನೇ ಹೊಲಿಯಲು ಕೂತೆ. ರವಿಕೆಗೆ ಪಳಗಿದ ಕೈ ನನ್ನದು. ತಲೆ ತೂರುವಷ್ಟು ಕುತ್ತಿಗೆ, ಮೈಗೆ ತಕ್ಕ ಕಂಕುಳು, ಒತ್ತೊತ್ತು ಹೊಲಿಗೆ. ತೊಡಿಸಲು ಹೋದರೆ ಕೈ ಏಳಲೊಲ್ಲದು. ಇನ್ನೊಂಚೂರು ಎಳೆದೆ. ಬಟ್ಟೆ ಹಿಗ್ಗಿತು, ದಾರ ಹಿಗ್ಗಲಿಲ್ಲ. ಹೊಲಿಗೆ ಪಟಪಟನೆ ಕಿತ್ತುಬಂತು, ಇವಳು ನೋವಿಗೆ ಚೀರಿಬಿಟ್ಟಳು. ನಾನು ಹಾಕಿದ ಹೊಲಿಗೆ ಕೈಯಲ್ಲೇ ಕಿತ್ತುಬಂದದ್ದು ಅದೇ ಮೊದಲು. ಅಂಗಿಯನ್ನು ಮೂಲೆಗೆಸೆದು ಹೊರಗೆ ಹೋದೆ.

ಮಧ್ಯಾಹ್ನ ಊಟಕ್ಕೆ ಬಂದರೆ ಮನೆಯ ಹಳೇ ಮೆಷಿನ್ ಸದ್ದು ಮಾಡುತ್ತಿದೆ! ಮಿಕ್ಕಿದ್ದ ಬಟ್ಟೆಯನ್ನು ಕತ್ತರಿಸಿಕೊಂಡು ಇವಳೇ ಕೂತಿದ್ದಾಳೆ. ಸೂಜಿ ಬದಲಿಸಿದ್ದಳು, ದಾರ ಸಡಿಲಿಸಿದ್ದಳು. ಎಡ ಮೊಣಕೈಯನ್ನು ಪಕ್ಕೆಗೆ ಆನಿಸಿಕೊಂಡು ಬಟ್ಟೆಯನ್ನು ಹದವಾಗಿ ಹಿಗ್ಗಿಸುತ್ತಾ ಸೂಜಿಗೆ ಕೊಡುತ್ತಿದ್ದಳು.

“ಇದೇನೇ ಕುತ್ಗೆ, ಚೀಲದ್ ಬಾಯಿದ್ದಂಗೆ! ನಿನ್ನಂತೋರು ಇಬ್ರು ತೂರ್ಬೋದು!”

“ತೂರ್ಲಿ ಅಂತ್ಲೇ ಇಟ್ಟಿರಾದು. ಸುಮ್ಕೆ ಕೂತ್ಕಳಿ.”

ಆಮೇಲೆ ಅದಕ್ಕೆ ಅದೇ ಬಟ್ಟೆಯ ಗಿಡ್ಡನೆಯ ಪಟ್ಟಿಯೊಂದನ್ನು ಎಳೆದೆಳೆದು ಕೂರಿಸಿದಳು. ಚೀಲದ ಬಾಯಿ ಮುದುಡಿ ಒಪ್ಪವಾದ ಕುತ್ತಿಗೆಯಾಯಿತು. ಅಂಗಿಯನ್ನು ನೆಲದ ಮೇಲೆ ಹರಡಿ, ಆ ಕುತ್ತಿಗೆಯೊಳಕ್ಕೆ ಎರಡೂ ಕಾಲಿಟ್ಟಳು. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಬಲಗೈಯಲ್ಲಿ ಮೇಲಕ್ಕೆ ಎಳೆದಳು. ಕುತ್ತಿಗೆ ಮತ್ತೆ ಚೀಲದ ಬಾಯಿಯಷ್ಟು ಹಿಗ್ಗಿ ಸೊಂಟ ದಾಟಿತು. ನೋಯುವ ಕೈಯನ್ನು ಇಳಿಬಿಟ್ಟ ಹಾಗೆಯೇ ತೋಳಿಗೆ ಜಾರಿಸಿದಳು, ಆಮೇಲೆ ಇನ್ನೊಂದು ಕೈ. ಅಷ್ಟೆ. ಇಷ್ಟು ವರ್ಷ ಹೊಲಿದಿದ್ದೇನೆ, ಅಂಗಿಯನ್ನು ಕಾಲಿಂದ ತೊಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಬಡಿಸಿಟ್ಟಿದ್ದ ತಟ್ಟೆಯ ಮುದ್ದೆ ಹಾಗೇ ಆರಿಹೋಯಿತು.

ಮರುದಿನ ಬೆಳಿಗ್ಗೆ ಮುದ್ದಮ್ಮ ಬಂದಾಗ ಕೋಣೆ ಬಾಗಿಲು ಹಾಕಿತ್ತು.

“ಬಾಗ್ಲು ತೆಗಿಯೇ ಶಾಂತ, ಒತ್ತಾಯ್ತದೆ.”

ಬಾಗಿಲು ತೆರೆಯಿತು. ಮುದ್ದಮ್ಮ ಗಿಣಿಹಸಿರು ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ನನ್ನ ಮುಖ ನೋಡಿದರು.

“ನಾನಲ್ಲ ಕಣಮ್ಮೋ, ನಾನ್ ಮುಟ್ಟೂ ಇಲ್ಲ” ಅಂದೆ.

“ಅಂಗಾದ್ರೆ ನಾನಿನ್ನು ಬಸ್ ಇಡೀಲೇನೇ?”

“ಓಗ್ಬನ್ನಿ ಅಕ್ಕ” ಅಂದಳು ಇವಳು. “ಮಗೀಗೂ ಇದೇ ಬಟ್ಟೇಲಿ ಒಂದು ಒಲ್ದಿಟ್ಟಿರ್ತೀನಿ.”

ಮುದ್ದಮ್ಮ ಅವತ್ತೇ ಚನ್ನರಾಯಪಟ್ಟಣಕ್ಕೆ ಹೊರಟರು.